ಟಿಬಿ ಬಂದು ಕೆಲಸ ಬಿಟ್ಟು ಮನೆಯಲ್ಲಿರುವವರ ಊಟದ ಖರ್ಚಿಗೆ

ಮುಂಬೈಯಲ್ಲಿರುವ ನಮ್ಮವರಲ್ಲಿ ಹೋಟೆಲ್, ಕಾರ್ಖಾನೆಗಳಲ್ಲಿ ದುಡಿಯುವವರು ಜಾಸ್ತಿ. ಟಿಬಿ ಬಂದರೆ ಡಾಕ್ಟರು ಪ್ರೋಟೀನ್ ಇರುವ ಊಟ ಮಾಡಿ ಅನ್ನುತ್ತಾರೆ. ಸಂಬಳ ನಿಂತಾಗ ಅದು ಸುಲಭವಲ್ಲ ಅಲ್ವಾ?

ಇಎಸ್‌ಐ (ನೌಕರರ ಸರಕಾರಿ ವಿಮೆ) ಇದ್ದವರಿಗೆ ಕಾಯಿಲೆ ರಜೆಯಲ್ಲಿ ಸಂಬಳದ ಶೇ. 70ರಷ್ಟು ಸಿಗುತ್ತದೆ, ವರ್ಷಕ್ಕೆ 91 ದಿನ. ಅಲ್ಲಿಗೇ ಮುಗಿಯಿತು ಅಂದುಕೊಳ್ಳಬೇಡಿ. ಟಿಬಿ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿದೆ. ಎರಡು ವರ್ಷ ಸತತ ಕೆಲಸ ಮಾಡಿ, ಆ ಅವಧಿಯಲ್ಲಿ 156 ದಿನದ ವಂತಿಗೆ ಕಟ್ಟಿದ್ದರೆ ಶೇ. 80ರಷ್ಟು, ಹೆಚ್ಚೆಂದರೆ ಎರಡು ವರ್ಷದವರೆಗೆ ಸಿಗಬಹುದು. ಇಎಸ್‌ಐ ಡಾಕ್ಟರ ಸರ್ಟಿಫಿಕೇಟು ತಪ್ಪದೆ ತೆಗೆದುಕೊಳ್ಳಿ, ಶಾಖಾ ಕಚೇರಿಯಲ್ಲಿ ಬಾಯಿಬಿಟ್ಟು ಕೇಳಿ.

ಇದರ ಜೊತೆಗೆ ಟಿಬಿ ರೋಗಿಗಳ ಊಟಕ್ಕೆಂದು ಸರಕಾರ ದುಡ್ಡು ಕೊಡುವ ನಿಕ್ಷಯ್ ಪೋಷಣ್ ಯೋಜನೆ. ಚಿಕಿತ್ಸೆ ನಡೆಯುವಷ್ಟು ಕಾಲ ತಿಂಗಳಿಗೆ 1000 ರೂಪಾಯಿ ನೇರ ಬ್ಯಾಂಕ್ ಖಾತೆಗೆ. ಮೊದಲು 500 ಇತ್ತು, 2024ರ ನವೆಂಬರ್‌ನಿಂದ ಹೆಚ್ಚಾಯಿತು. ಖಾಸಗಿ ಡಾಕ್ಟರ ಹತ್ತಿರ ಹೋಗುವವರಿಗೂ ಉಂಟು, ಆದರೆ ಹೆಸರು ನಿಕ್ಷಯ್‌ನಲ್ಲಿ (ಟಿಬಿ ರೋಗಿಗಳ ಸರಕಾರಿ ಆನ್‌ಲೈನ್ ದಾಖಲೆ) ನೋಂದಣಿಯಾಗಿರಬೇಕು.

ಊರಿನ ಬಿಪಿಎಲ್ ಕಾರ್ಡ್ ಆಧಾರ್‌ಗೆ ಜೋಡಣೆಯಾಗಿದ್ದರೆ ಇಲ್ಲಿನ ರೇಷನ್ ಅಂಗಡಿಯಲ್ಲೂ ಧಾನ್ಯ ಪಡೆಯಬಹುದು. ಅಲ್ಲಿ ಉಳಿದ ದುಡ್ಡು ಮೊಟ್ಟೆಗೆ, ಹಾಲಿಗೆ ಹೋಗಲಿ.

ದುಬಾರಿ ಪ್ರೋಟೀನ್ ಪುಡಿಯ ಡಬ್ಬ ಸುಮ್ನೆ ಕೊಳ್ಳಬೇಡಿ. ಮೊಳಕೆ ಹೆಸರು, ಹುರಿದ ಶೇಂಗಾ, ಪುಟಾಣಿ, ಬೇಳೆ ಗಟ್ಟಿಯಾಗಿರುವ ಸಾರು, ಮೀನು ತಿನ್ನುವವರಾದರೆ ಅಗ್ಗಕ್ಕೆ ಸಿಕ್ಕಾಗ ಬಂಗುಡೆ. ಹಸಿವಿಲ್ಲದಿದ್ದರೆ ಸ್ವಲ್ಪ ಸ್ವಲ್ಪವೇ ಹಲವು ಸಲ ತಿನ್ನಿ. ಸಕ್ಕರೆ ಕಾಯಿಲೆಯೂ ಇದ್ದವರು ಡಾಕ್ಟರನ್ನು ಕೇಳಿಯೇ ಊಟ ಬದಲಿಸಿ.