ತೂಗುಸೇತುವೆಯ ಮಾದರಿಗೆ ನಾನು ಗುಣಗಳನ್ನು ಕೊಟ್ಟ ಬಗೆ

ಫೈನೈಟ್ ಎಲಿಮೆಂಟ್ ತಂತ್ರಾಂಶದಲ್ಲಿ, ಅಂದರೆ ರಚನೆಯನ್ನು ಪುಟ್ಟ ತುಂಡುಗಳಾಗಿ (ಎಲಿಮೆಂಟ್) ಒಡೆದು ಬಲ, ಬಾಗು ಲೆಕ್ಕ ಹಾಕುವ ತಂತ್ರಾಂಶದಲ್ಲಿ, ಗೆರೆ ಎಳೆಯುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಹೊತ್ತು ಹಿಡಿಯುವುದು ಆ ಗೆರೆ ಯಾವ ವಸ್ತು, ಎಷ್ಟು ದಪ್ಪ, ಯಾವ ಕಡೆಗೆ ಮುಖ ಮಾಡಿದೆ, ಎಳೆದರೆ ಏನು ಮಾಡುತ್ತದೆ, ಒತ್ತಿದರೆ ಏನು ಮಾಡುತ್ತದೆ ಎಂದು ತಿಳಿಸುವುದಕ್ಕೆ. ಎರಡು ನೋಡ್‌ಗಳ (ತುಂಡುಗಳು ಸೇರುವ ಬಿಂದುಗಳ) ನಡುವಿನ ಒಂದೇ ಗೆರೆ ಹಗ್ಗವೂ ಆಗಬಹುದು, ಸರಳೂ ಆಗಬಹುದು, ತೊಲೆಯೂ ಆಗಬಹುದು. ಪರದೆಯ ಮೇಲೆ ಮೂರೂ ಒಂದೇ ತರಹ ಕಾಣುತ್ತವೆ.

ಸೋಮವಾರಪೇಟೆ ತಾಲ್ಲೂಕಿನ ಒಂದು ಕಾಫಿ ತೋಟದ ನಡುವೆ ಹೊಳೆ ಹರಿಯುತ್ತದೆ. ಮೊದಲಿದ್ದ ಮರದ ಕಾಲುಸಂಕ 2018ರ ಆಗಸ್ಟ್ ಮಳೆಗೆ ಹೋಯಿತು. ಲೈನ್‌ಮನೆಗಳು (ಕಾರ್ಮಿಕರ ಸಾಲುಮನೆಗಳು) ಒಂದು ದಡದಲ್ಲಿ, ಕಣ ಮತ್ತು ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಇನ್ನೊಂದು ದಡದಲ್ಲಿ. ಅಲ್ಲಿಗೆ 30 ಮೀಟರ್ ಉದ್ದ, 1.2 ಮೀಟರ್ ಅಗಲದ ತೂಗುಸೇತುವೆ ಬೇಕಿತ್ತು. ಪ್ರತಿ ಬದಿಗೆ 24 ಮಿ.ಮೀ. ವ್ಯಾಸದ ಎರಡು ಉಕ್ಕಿನ ಹಗ್ಗ, ನಡುವೆ 3 ಮೀಟರ್ ಜಗ್ಗು (ಹಗ್ಗ ಕೆಳಕ್ಕೆ ಇಳಿಬೀಳುವ ಆಳ) ಎಂದು ನಿರ್ಧರಿಸಿದೆ. ಚಿಕ್ಕ ಕೆಲಸವೇ. ಆದರೆ ಹಗ್ಗ, ಸರಳು, ತೊಲೆ, ತಗಡು, ಕಾಂಕ್ರೀಟ್ ಕಂಬ ಎಲ್ಲವೂ ಒಂದೇ ಮಾದರಿಯಲ್ಲಿ ಬರುವುದರಿಂದ ಗುಣಗಳ ಪಟ್ಟಿ ಮಾತ್ರ ಚಿಕ್ಕದಾಗಲಿಲ್ಲ.

ಮೊದಲು ಮಾನಗಳ ವಿಷಯ ಮುಗಿಸಿಬಿಡುತ್ತೇನೆ. ಅಬಾಕಸ್, ಕ್ಯಾಲ್ಕುಲಿಕ್ಸ್‌ನಂಥ ತಂತ್ರಾಂಶಗಳು ಮಾನ ಯಾವುದೆಂದು ಕೇಳುವುದೇ ಇಲ್ಲ. ಕೊಟ್ಟ ಅಂಕಿಯನ್ನು ಹಾಗೇ ಗುಣಿಸುತ್ತವೆ. ಉದ್ದ ಮಿಲಿಮೀಟರ್‌ನಲ್ಲಿ, ಬಲ ನ್ಯೂಟನ್‌ನಲ್ಲಿ ಇದ್ದರೆ ಸಾಂದ್ರತೆಯನ್ನು ಘನ ಮಿಲಿಮೀಟರ್‌ಗೆ ಟನ್ ಲೆಕ್ಕದಲ್ಲಿ ಕೊಡಬೇಕು. ಘನ ಮೀಟರ್‌ಗೆ 7850 ಕಿಲೋ ಎಂಬ ಉಕ್ಕಿನ ಸಾಂದ್ರತೆ ಅಲ್ಲಿ 0.00000000785 ಆಗುತ್ತದೆ, ಗುರುತ್ವ 9810 ಆಗುತ್ತದೆ. ಒಂದು ಮೀಟರ್ ಚಾನೆಲ್ (ಇಂಗ್ಲಿಷ್ ಸಿ ಆಕಾರದ ಉಕ್ಕಿನ ತೊಲೆ) ಮಾತ್ರ ಇರುವ ಪುಟ್ಟ ಮಾದರಿಯನ್ನು ಓಡಿಸಿ ಆಧಾರಗಳ ಪ್ರತಿಬಲ ಕೂಡಿಸುತ್ತೇನೆ. ಐಎಸ್‌ಎಂಸಿ 100ಕ್ಕೆ (100 ಮಿ.ಮೀ. ಎತ್ತರದ ಚಾನೆಲ್) ಸುಮಾರು 90 ನ್ಯೂಟನ್, ಅಂದರೆ 9.2 ಕಿಲೋ ಬಂದರೆ ಮುಂದಕ್ಕೆ ಹೋಗುತ್ತೇನೆ.

ಇನ್ನು ಹಗ್ಗ. 24 ಮಿ.ಮೀ. ವ್ಯಾಸದ ವೃತ್ತದ ಕ್ಷೇತ್ರಫಲ 452 ಚದರ ಮಿ.ಮೀ. ಆದರೆ ಹೆಣೆದ ಹಗ್ಗದಲ್ಲಿ ಎಳೆಗಳ ನಡುವೆ ಸಂದು ಇರುತ್ತದೆ. ನಾನು ತೆಗೆದುಕೊಂಡ, ಉಕ್ಕಿನ ತಿರುಳಿನ ಆರೆಳೆ ಹಗ್ಗದಲ್ಲಿ ಲೋಹದ ಪಾಲು ಸುಮಾರು 260 ಮಾತ್ರ. ಸ್ಥಿತಿಸ್ಥಾಪಕಾಂಕವೂ (ವಸ್ತು ಹಿಗ್ಗನ್ನು ಎಷ್ಟು ತಡೆಯುತ್ತದೆ ಎಂಬ ಅಂಕ) ಗಟ್ಟಿ ಉಕ್ಕಿನ 2,00,000 ಮೆಗಾಪ್ಯಾಸ್ಕಲ್ ಅಲ್ಲ. ಸುರುಳಿ ಸುತ್ತಿದ ತಂತಿ ಎಳೆದಾಗ ತುಸು ನೇರವಾಗುತ್ತದೆ, ಹಾಗಾಗಿ ಹಗ್ಗ ಹೆಚ್ಚು ಹಿಗ್ಗುತ್ತದೆ. ನಾನು 1,00,000 ಇಟ್ಟುಕೊಂಡೆ. ಹಗ್ಗದ ಜಾತಿಗೆ ತಕ್ಕಂತೆ ಇದು ಬದಲಾಗುವುದರಿಂದ ತಯಾರಕರ ಹಾಳೆ ನೋಡದೆ ಯಾರೂ ಈ ಅಂಕಿಯನ್ನು ನನ್ನಿಂದ ನಕಲು ಮಾಡಬಾರದು. ವೃತ್ತದ ಪೂರ್ತಿ ಕ್ಷೇತ್ರಫಲ, ಗಟ್ಟಿ ಉಕ್ಕಿನ ಅಂಕ ಎರಡನ್ನೂ ಹಾಕಿದರೆ ಹಗ್ಗದ ಬಿಗಿತ ಸುಮಾರು ಮೂರೂವರೆ ಪಟ್ಟು ಹೆಚ್ಚುತ್ತದೆ. ಚದರ ಮೀಟರ್‌ಗೆ 4 ಕಿಲೋನ್ಯೂಟನ್‌ನಂತೆ ಸೇತುವೆಯ ತುಂಬ ಜನ ನಿಂತಾಗ, ಹಗ್ಗದ ಹಿಗ್ಗಿನಿಂದಲೇ ನಡುಭಾಗ ಸುಮಾರು 10 ಸೆಂ.ಮೀ. ಇಳಿಯಬೇಕು. ಆ ತಪ್ಪು ಅಂಕಿಗಳಿಂದ 3 ಸೆಂ.ಮೀ. ಎಂದು ಬರುತ್ತದೆ. ಚಿತ್ರ ಸೊಗಸಾಗಿಯೇ ಇರುತ್ತದೆ.

ಹಗ್ಗವನ್ನು ಎಳೆತ ಮಾತ್ರ ತಡೆಯುವ ಎಲಿಮೆಂಟ್ ಎಂದು ಹೇಳಿದ ಕೂಡಲೇ ಇನ್ನೊಂದು ತೊಡಕು ಎದುರಾಗುತ್ತದೆ. ಎಳೆತವಿಲ್ಲದ ಹಗ್ಗಕ್ಕೆ ಅಡ್ಡ ದಿಕ್ಕಿನಲ್ಲಿ ಬಿಗಿತವೇ ಇಲ್ಲ. ತಂತ್ರಾಂಶ ಮ್ಯಾಟ್ರಿಕ್ಸ್ ಸಿಂಗ್ಯುಲರ್, ಅಂದರೆ ಸಮೀಕರಣ ಬಿಡಿಸಲಾಗದು ಎಂದು ನಿಂತುಬಿಡುತ್ತದೆ. ಈ ದೂರಿನ ಬಾಯಿ ಮುಚ್ಚಿಸಲು ಹಗ್ಗವನ್ನು ತೊಲೆಯ ಎಲಿಮೆಂಟ್ ಮಾಡಿಬಿಡುವವರನ್ನು ನೋಡಿದ್ದೇನೆ. ಮಾದರಿ ಓಡುತ್ತದೆ, ಜೊತೆಗೆ ಹಗ್ಗ ಬಾಗುಬಲವನ್ನೂ ಹೊರುತ್ತದೆ! ನಾನು ಮಾಡುವುದು ಆರಂಭಿಕ ಎಳೆತ ಕೊಡುವುದು. ಖಾಲಿ ಸೇತುವೆಯ ತೂಕ ಮೀಟರ್‌ಗೆ 1.2 ಕಿಲೋನ್ಯೂಟನ್. ಅದನ್ನು ಉದ್ದದ ವರ್ಗದಿಂದ ಗುಣಿಸಿ ಜಗ್ಗಿನ ಎಂಟು ಪಟ್ಟಿನಿಂದ ಭಾಗಿಸಿದರೆ 45 ಕಿಲೋನ್ಯೂಟನ್. ನಾಲ್ಕು ಹಗ್ಗಕ್ಕೆ ಹಂಚಿದರೆ ಒಂದಕ್ಕೆ 11ಕ್ಕೆ ತುಸು ಮೇಲೆ. ಆರಂಭಿಕ ಹಿಗ್ಗಿನ ಪ್ರಮಾಣವಾಗಿ ಬರೆದರೆ 0.00043. ಇದನ್ನು ಕೊಟ್ಟು, ಆಕಾರ ಬದಲಾದಂತೆ ಬಿಗಿತವೂ ಬದಲಾಗುವ ನಾನ್‌ಲೀನಿಯರ್ ವಿಧಾನದಲ್ಲಿ ಓಡಿಸಿದರೆ ತಕರಾರಿಲ್ಲ. ಸ್ಟಾಡ್ ತಂತ್ರಾಂಶ ಬಳಸುವವರಿಗೆ ಟ್ರಸ್, ಟೆನ್ಶನ್, ಕೇಬಲ್ ಎಂಬ ಮೂರು ಬೇರೆ ಬೇರೆ ಆಯ್ಕೆಗಳಿವೆ. ಮೂರೂ ಒಂದೇ ಎಂದುಕೊಳ್ಳಬಾರದು: ಟ್ರಸ್ ಎಳೆದಾಗ ಮಾತ್ರವಲ್ಲ, ಒತ್ತಿದಾಗಲೂ ಬಲ ಹೊರುತ್ತದೆ.

ನೇತಾಡುವ ಸರಳುಗಳು ಸುಲಭ. 12 ಮಿ.ಮೀ. ಸರಳು, ಟ್ರಸ್ ಎಲಿಮೆಂಟ್, ಎರಡೂ ತುದಿ ತಿರುಗಲು ಬಿಟ್ಟದ್ದು.

ಅಡ್ಡ ತೊಲೆಗಳ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಒಂದೂವರೆ ಮೀಟರ್‌ಗೊಂದು ಐಎಸ್‌ಎಂಸಿ 100 ಚಾನೆಲ್. ಅದರ ಮೊಮೆಂಟ್ ಆಫ್ ಇನರ್ಷಿಯಾ (ಬಾಗನ್ನು ಆಕಾರ ಎಷ್ಟು ತಡೆಯುತ್ತದೆ ಎಂಬ ಅಳತೆ) ನಿಂತ ಭಂಗಿಯಲ್ಲಿ 186.7, ಮಲಗಿಸಿದರೆ 25.9 ಸೆಂ.ಮೀ. ನಾಲ್ಕನೇ ಘಾತ, ಏಳು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ. ಸೆಕ್ಷನ್‌ನ ಮುಖ ಯಾವ ಕಡೆಗೆ ಎಂಬುದನ್ನು ಸ್ಟಾಡ್‌ನಲ್ಲಿ ಬೀಟಾ ಕೋನ, ಅಬಾಕಸ್‌ನಲ್ಲಿ ಎನ್1 ದಿಕ್ಕು ನಿರ್ಧರಿಸುತ್ತದೆ. ಏನೂ ಹೇಳದಿದ್ದರೆ ತಂತ್ರಾಂಶ ತನಗೆ ತೋಚಿದ ದಿಕ್ಕನ್ನು ಇಟ್ಟುಕೊಳ್ಳುತ್ತದೆ. ನಮ್ಮ ಸೇತುವೆಯಲ್ಲಿ ಸ್ವಂತ ತೂಕವೂ ಸೇರಿ ಚದರ ಮೀಟರ್‌ಗೆ 5 ಕಿಲೋನ್ಯೂಟನ್ ಹಿಡಿದರೆ ಒಂದೊಂದು ತೊಲೆಯ ಮೇಲೆ ಮೀಟರ್‌ಗೆ 7.5 ಕಿಲೋನ್ಯೂಟನ್ ಬೀಳುತ್ತದೆ. ನಿಂತ ಚಾನೆಲ್ ಬಾಗುವುದು ಅರ್ಧ ಮಿಲಿಮೀಟರ್‌ನಷ್ಟು. ಮಲಗಿದ ಚಾನೆಲ್ ಬಾಗುವುದು 3.9 ಮಿ.ಮೀ. ಉದ್ದದ ಮುನ್ನೂರನೇ ಒಂದು ಭಾಗ ಎಂಬ ಮಿತಿ ಇಟ್ಟುಕೊಂಡಿದ್ದರೆ 4 ಮಿ.ಮೀ.ವರೆಗೆ ಪಾಸು! ಬಾಗುವಿಕೆಯ ಪಟ್ಟಿಯನ್ನಷ್ಟೇ ನೋಡುವವರಿಗೆ ಚಾನೆಲ್ ಮಲಗಿರುವುದು ತಿಳಿಯುವುದೇ ಇಲ್ಲ. ಒತ್ತಡದ ಪಟ್ಟಿಯಲ್ಲಿ ಗುಟ್ಟು ಹೊರಬೀಳುತ್ತದೆ: 36 ಇರಬೇಕಾದ ಕಡೆ 180 ಮೆಗಾಪ್ಯಾಸ್ಕಲ್. ಹಾಗಾಗಿ ಪ್ರತಿ ಸೆಕ್ಷನ್‌ನಿಂದ ಒಂದು ತೊಲೆಯನ್ನು ಕಾಗದದ ಮೇಲೆ ಲೆಕ್ಕ ಹಾಕಿ ಹೋಲಿಸುತ್ತೇನೆ, ಜೊತೆಗೆ ಸೆಕ್ಷನ್‌ಗಳನ್ನು ಘನಾಕಾರದಲ್ಲಿ ತೋರಿಸುವ ನೋಟವನ್ನು ತೆರೆದು ಮಾದರಿಯ ಸುತ್ತ ಒಮ್ಮೆ ತಿರುಗುತ್ತೇನೆ.

ಮೇಲೆ ಹಾಸುವ 5 ಮಿ.ಮೀ. ಚೆಕರ್ಡ್ ಪ್ಲೇಟನ್ನು ಶೆಲ್ ಎಲಿಮೆಂಟ್ (ತೆಳು ಹಾಳೆಯಂಥ ಎಲಿಮೆಂಟ್) ಮಾಡಬೇಕೇ? ನನ್ನೊಂದಿಗೆ ಕೆಲಸ ಮಾಡುವ ಹುಡುಗ ಮಾಡಬೇಕು ಎಂದ. ಬಣ್ಣದ ಚಿತ್ರ ಚೆನ್ನಾಗಿ ಬರುತ್ತದೆ ಎಂಬುದು ಅವನ ವಾದದ ಅರ್ಧ ಭಾಗ. ನಾನು ಒಪ್ಪಲಿಲ್ಲ. ಪ್ಲೇಟ್ ತುಂಡು ತುಂಡಾಗಿ ಬೋಲ್ಟ್‌ನಲ್ಲಿ ಕೂರುತ್ತದೆ, ದುರಸ್ತಿಗೆ ಬಿಚ್ಚಲೂಬೇಕು. ತೊಲೆಗಳ ನೋಡ್‌ಗಳನ್ನೇ ಹಂಚಿಕೊಳ್ಳುವ ಅಖಂಡ ಶೆಲ್ ಹಾಕಿದರೆ, ಪಕ್ಕದಿಂದ ಬೀಸುವ ಗಾಳಿಗೆ ಇಡೀ ಹಾಸು ಒಂದು ಅಡ್ಡಗೋಡೆಯಷ್ಟು ಬಿಗಿಯಾಗಿ ನಿಲ್ಲುತ್ತದೆ, ಬದಿಯ ಗಾಳಿಹಗ್ಗಗಳಿಗೆ ಕೆಲಸವೇ ಇಲ್ಲವೆಂದು ಕಾಣುತ್ತದೆ. ಪ್ಲೇಟನ್ನು ಭಾರವಾಗಿ ಮಾತ್ರ ಹಾಕಿದೆ.

ಕಂಬಗಳು ಎಂ25 (25 ಮೆಗಾಪ್ಯಾಸ್ಕಲ್ ಬಲದ) ಕಾಂಕ್ರೀಟ್. ಕಾಂಕ್ರೀಟ್‌ನ ಭಾರತೀಯ ಮಾನಕ ಐಎಸ್ 456ರ ಪ್ರಕಾರ 5000ವನ್ನು 25ರ ವರ್ಗಮೂಲದಿಂದ ಗುಣಿಸಿದರೆ ಸ್ಥಿತಿಸ್ಥಾಪಕಾಂಕ 25,000 ಮೆಗಾಪ್ಯಾಸ್ಕಲ್. ಬಿರುಕನ್ನು ಲೆಕ್ಕಕ್ಕೆ ತರಲು ಭೂಕಂಪದ ಮಾನಕ ಐಎಸ್ 1893ರ 2016ರ ಆವೃತ್ತಿ ಕಂಬಗಳಿಗೆ ಹೇಳುವ 0.7ರ ಗುಣಕವನ್ನು ಬಳಸಿದೆ. ಕಂಬದ ತಲೆಯ ಮೇಲೆ ಹಗ್ಗ ಸ್ಯಾಡಲ್‌ನಲ್ಲಿ (ಹಗ್ಗ ಕೂರುವ ತೋಡಿನಲ್ಲಿ) ಜಾರುತ್ತದೆ. ಅಲ್ಲಿ ಹಗ್ಗವನ್ನೂ ಕಂಬವನ್ನೂ ಒಂದೇ ನೋಡ್‌ಗೆ ಬಿಗಿದರೆ ಕಂಬದ ಬುಡದಲ್ಲಿ ಇಲ್ಲದ ಬಾಗುಬಲ ಹುಟ್ಟಿಕೊಳ್ಳುತ್ತದೆ.

ನಮ್ಮ ಕಡೆಯ ಮಳೆಗೆ ಉಕ್ಕು ಹೇಗೆ ಬಾಳುತ್ತದೆ ಎಂಬುದು ಪುಸ್ತಕಕ್ಕಿಂತ ತೋಟದವರಿಗೇ ಚೆನ್ನಾಗಿ ಗೊತ್ತು. "ಎಂಜಿನಿಯರ್ ಸಾರ್, ಹಳೆಯ ಪಲ್ಪರ್ ಮನೆಯ ಆಂಗಲ್ ನೋಡಿ, ಬೆರಳಿನಲ್ಲಿ ಕೆರೆದರೆ ಪದರ ಪದರವಾಗಿ ಬರುತ್ತದೆ" ಎಂದು ತೋಟದ ರೈಟರ್ (ಲೆಕ್ಕ ಬರೆಯುವವರು) ಕರೆದುಕೊಂಡು ಹೋಗಿ ತೋರಿಸಿದರು. ಎಲೆ ಕೊಳೆತು ನೀರು ನಿಲ್ಲುವ ಮೂಲೆಗಳಲ್ಲೇ ತುಕ್ಕು ಹೆಚ್ಚಾಗಿತ್ತು. ಅದಕ್ಕೇ ಸತುವಿನ ಲೇಪನವನ್ನು ನಂಬಿ ಸುಮ್ಮನಾಗಲಿಲ್ಲ, ಚಾನೆಲ್‌ಗಳಿಗೆ ಎರಡು ಗುಣಗಳ ಪಟ್ಟಿ ಮಾಡಿದೆ. ಒಂದು ಪೂರ್ತಿ ದಪ್ಪದ್ದು, ಇನ್ನೊಂದು ಎಲ್ಲ ಮುಖಗಳಿಂದ ಅರ್ಧ ಮಿ.ಮೀ. ಸವೆದದ್ದು. ಎರಡನೆಯದನ್ನು ಓಡಿಸುವಾಗ ಒಂದು ಎಚ್ಚರ ಬೇಕು: ತಂತ್ರಾಂಶ ಸ್ವಂತ ತೂಕವನ್ನು ಸೆಕ್ಷನ್‌ನಿಂದಲೇ ಲೆಕ್ಕ ಹಾಕುವುದರಿಂದ, ಸವೆದ ಸೇತುವೆ ಹಗುರವೂ ಆಗಿಬಿಡುತ್ತದೆ. ತೂಕವನ್ನು ಮೊದಲ ಪಟ್ಟಿಯಿಂದ ತೆಗೆದು ಬೇರೆ ಭಾರವಾಗಿ ಕೊಟ್ಟೆ.

ಕಟ್ಟಿ ಮುಗಿದ ಮೇಲೆ ಮರಳಿನ ಚೀಲ ಹೇರಿ ಲೆವೆಲ್ ಉಪಕರಣದಲ್ಲಿ ಅಳೆದೆವು. ಮೊದಲ ಸಲ ನಡುಭಾಗ ಲೆಕ್ಕಕ್ಕಿಂತ ಹೆಚ್ಚು ಇಳಿಯಿತು, ಚೀಲ ತೆಗೆದಾಗ ಪೂರ್ತಿ ಮೇಲಕ್ಕೂ ಬರಲಿಲ್ಲ. ಹೊಸ ಹಗ್ಗದ ಎಳೆಗಳು ಒತ್ತಿಕೊಂಡು ಕೂರುವಾಗ ಆಗುವ ಶಾಶ್ವತ ಹಿಗ್ಗು ಅದು. ಹುಡುಗ ಅಳತೆಗೆ ಹೊಂದುವಂತೆ ಹಗ್ಗದ ಅಂಕವನ್ನು ಇಳಿಸಲು ಹೊರಟಿದ್ದ, ಬೇಡವೆಂದೆ. ಟರ್ನ್‌ಬಕಲ್ (ತಿರುಗಿಸಿ ಹಗ್ಗ ಬಿಗಿಸುವ ತಿರುಪು) ಬಿಗಿದು ಜಗ್ಗನ್ನು 3 ಮೀಟರ್‌ಗೆ ತಂದು ಮತ್ತೆ ಹೇರಿಸಿದಾಗ ಅಳತೆ ಲೆಕ್ಕದ ಹತ್ತಿರಕ್ಕೆ ಬಂತು. ಮಾದರಿಯಲ್ಲಿ 1,00,000 ಹಾಗೆಯೇ ಉಳಿಯಿತು. ಮುಂದಿನ ಮಳೆಗಾಲ ಕಳೆದ ಮೇಲೆ ಜಗ್ಗು ಅಳೆದು ಟರ್ನ್‌ಬಕಲ್ ಮತ್ತೆ ಬಿಗಿಯಬೇಕೆಂದು ರೈಟರ್ ಪುಸ್ತಕದಲ್ಲಿ ಬರೆಸಿ ಬಂದೆ.