ಎಕ್ಸ್‌ಟೆಂಡೆಡ್ ವಾರಂಟಿ ಬೇಕೋ ಬೇಡವೋ: ದುಡ್ಡು ಕೊಡುವ ಮುಂಚೆ ಹಾಕಬೇಕಾದ ಲೆಕ್ಕ

ಹೊಸ ಕಾರಿನ ಆನ್‌ರೋಡ್ ಕೊಟೇಶನ್ ಹಾಳೆಯಲ್ಲಿ ಎಕ್ಸ್‌ಶೋರೂಮ್ ಬೆಲೆ, ರೋಡ್ ಟ್ಯಾಕ್ಸ್, ಇನ್ಶೂರೆನ್ಸ್, ಫಾಸ್ಟ್ಯಾಗ್ ಎಲ್ಲ ಆದಮೇಲೆ ಕೆಳಗಡೆ ‘ಇ.ಡಬ್ಲ್ಯು.’ ಎಂಬ ಸಾಲೊಂದು ಇರುತ್ತದೆ. ಎಷ್ಟೋ ಸಲ ಗಿರಾಕಿ ಕೇಳದೆಯೇ ಅದು ಮೊತ್ತದೊಳಗೆ ಸೇರಿಕೊಂಡಿರುತ್ತದೆ. ಎಕ್ಸ್‌ಟೆಂಡೆಡ್ ವಾರಂಟಿ ಎಂದರೆ ಅದೇ: ಕಾರಿನ ಜೊತೆ ಬರುವ ಮಾಮೂಲಿ ವಾರಂಟಿ ಮುಗಿದ ಮೇಲೂ ಕೆಟ್ಟ ಭಾಗದ ರಿಪೇರಿಗೆ ರಕ್ಷಣೆ ಮುಂದುವರಿಸಲು ಬೇರೆ ದುಡ್ಡು ಕೊಟ್ಟು ತಗೊಳ್ಳುವ ಪ್ಯಾಕೇಜು. ಕಡ್ಡಾಯವೇನಲ್ಲ, ಬೇಡವೆಂದರೆ ತೆಗೆದು ಹೊಸ ಕೊಟೇಶನ್ ಕೊಡಬೇಕು. ಹಾಗಂತ ಎಲ್ಲರೂ ತೆಗೆಸಿಯೇ ಬಿಡಬೇಕೆಂದೂ ಅಲ್ಲ. ದಾವಣಗೆರೆ–ಚಿತ್ರದುರ್ಗದ ನಡುವೆ ದಿನಾ ಓಡಾಡುವವರಿಗೂ ವಾರಕ್ಕೊಮ್ಮೆ ಅಡಿಕೆ ತೋಟಕ್ಕೆ ಹೋಗಿಬರುವವರಿಗೂ ಒಂದೇ ಉತ್ತರ ಇಲ್ಲ. ಮಾರುವವರು ಮಾತ್ರ ಇಬ್ಬರಿಗೂ ‘ಇನ್ನೂ ಎರಡು ವರ್ಷ ಟೆನ್ಶನ್ ಇಲ್ಲ ಸರ್’ ಎನ್ನುತ್ತಾರೆ.

ಮೊದಲು ಆ ‘ಎರಡು ವರ್ಷ’ವನ್ನೇ ಹಿಡಿದು ನೋಡೋಣ. ವಾರಂಟಿಗೆ ಯಾವಾಗಲೂ ಎರಡು ಗಡಿ: ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರ್, ಯಾವುದು ಮೊದಲೋ ಅದು. ಉದಾಹರಣೆಗೆ ಮಾರುತಿ ಸುಜುಕಿ 2024ರ ಜುಲೈನಲ್ಲಿ ತನ್ನ ಕಾರುಗಳ ಮಾಮೂಲಿ ವಾರಂಟಿಯನ್ನು 2 ವರ್ಷ ಅಥವಾ 40,000 ಕಿ.ಮೀ.ಯಿಂದ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ಅದರ ಮೇಲೆ ದುಡ್ಡು ಕೊಟ್ಟರೆ 4ನೇ ವರ್ಷಕ್ಕೆ 1.2 ಲಕ್ಷ, 5ನೇ ವರ್ಷಕ್ಕೆ 1.4 ಲಕ್ಷ, 6ನೇ ವರ್ಷಕ್ಕೆ 1.6 ಲಕ್ಷ ಕಿ.ಮೀ.ವರೆಗೆ. ಮುಂಚೆ ಕಾರು ತಗೊಂಡ ಭಾವ ಕೊಟ್ಟ ಸಲಹೆ ಇವತ್ತಿನ ಕಾರಿಗೆ ಹೊಂದದಿರುವುದಕ್ಕೆ ಇದೇ ಕಾರಣ: ಆಗ ಮೂರನೇ ವರ್ಷಕ್ಕೂ ದುಡ್ಡು ಕೊಡಬೇಕಿತ್ತು, ಈಗ ಅದು ಕಾರಿನ ಜೊತೆಗೇ ಬರುತ್ತದೆ.

ಈಗ ಚಿತ್ರದುರ್ಗದಲ್ಲಿ ಮನೆ, ದಾವಣಗೆರೆಯಲ್ಲಿ ಕೆಲಸ ಇರುವವರ ಲೆಕ್ಕ. ಹೆದ್ದಾರಿ 48ರಲ್ಲಿ ಒಂದು ಕಡೆಗೆ ಸುಮಾರು 60 ಕಿ.ಮೀ., ಹೋಗಿಬರಲು 120. ತಿಂಗಳಿಗೆ 25 ದಿನ ಎಂದರೆ 3,000 ಕಿ.ಮೀ., ವರ್ಷಕ್ಕೆ 36,000. ಮಾಮೂಲಿ ವಾರಂಟಿಯ 1 ಲಕ್ಷ ಕಿ.ಮೀ. ಮೂರು ವರ್ಷ ತುಂಬುವ ಮೊದಲೇ, ಸುಮಾರು 33 ತಿಂಗಳಿಗೇ ಮುಗಿಯುತ್ತದೆ. ಐದು ವರ್ಷದ ಪ್ಯಾಕೇಜ್ ತಗೊಂಡರೆ ಸಿಗುವುದು ಹೆಚ್ಚುವರಿ 40,000 ಕಿ.ಮೀ., ಅಂದರೆ ಬರೀ 13 ತಿಂಗಳು. ಎರಡು ವರ್ಷದ ದುಡ್ಡು, ವರ್ಷದ ಮೇಲೊಂದು ತಿಂಗಳ ರಕ್ಷಣೆ.

ಇನ್ನೊಬ್ಬರು ದಾವಣಗೆರೆಯ ವಿದ್ಯಾನಗರದಿಂದ ಮಂಡಿಪೇಟೆಗೆ ಹೋಗಿಬರುವವರು, ತಿಂಗಳಿಗೆ 500 ಕಿ.ಮೀ. ಇವರಿಗೆ ಎರಡೂ ವರ್ಷ ಪೂರ್ತಿ ಸಿಗುತ್ತದೆ, ಆದರೆ ಆ ಎರಡು ವರ್ಷದಲ್ಲಿ ಕಾರು ಓಡುವುದು 12,000 ಕಿ.ಮೀ. ಮಾತ್ರ. ಪ್ಯಾಕೇಜಿಗೆ 20,000 ರೂಪಾಯಿ ಎಂದು ಹಿಡಿದರೆ ಮೊದಲನೆಯವರಿಗೆ ಕಿಲೋಮೀಟರಿಗೆ 50 ಪೈಸೆ, ಎರಡನೆಯವರಿಗೆ ಒಂದೂಮುಕ್ಕಾಲು ರೂಪಾಯಿಯ ಹತ್ತಿರ. ತಿಂಗಳು ಕಮ್ಮಿ ಸಿಕ್ಕರೂ ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಜಾಸ್ತಿ ಓಡಿಸುವವರಿಗೇ ಅಗ್ಗ. ಇಲ್ಲೊಂದು ಕೊಕ್ಕೆ ಇದೆ. ಗೇರ್‌ಬಾಕ್ಸ್, ಟರ್ಬೊ, ಬೇರಿಂಗ್ ಸವೆಯುವುದು ಓಟದಿಂದ. ಟಚ್‌ಸ್ಕ್ರೀನ್, ಸೆನ್ಸರ್, ಕಂಟ್ರೋಲ್ ಯೂನಿಟ್‌ಗಳಿಗೆ ಓಟ ಬೇಕಿಲ್ಲ, ಬಿಸಿಲಲ್ಲಿ ನಿಂತೇ ಹಳೆಯದಾಗುತ್ತವೆ. ನೆರಳಿಲ್ಲದ ಅಂಗಳದಲ್ಲಿ, ಏಪ್ರಿಲ್‌ನ ಚಳ್ಳಕೆರೆ ಬಿಸಿಲಲ್ಲಿ ನಿಲ್ಲುವ, ಎಲೆಕ್ಟ್ರಾನಿಕ್ಸ್ ತುಂಬಿದ ಕಾರಾದರೆ ಕಮ್ಮಿ ಓಟದವರೂ ಯೋಚಿಸಬೇಕಾಗುತ್ತದೆ.

ಎರಡನೇ ಲೆಕ್ಕ ನಿಮ್ಮ ಕಾರಿನೊಳಗಿನ ದುಬಾರಿ ಭಾಗಗಳದ್ದು. ಸೇಲ್ಸ್‌ನವರನ್ನು ಬಿಟ್ಟು ಸರ್ವಿಸ್ ಸೆಂಟರ್‌ನ ಪಾರ್ಟ್ಸ್ ಕೌಂಟರಿಗೆ ಹೋಗಿ. ಎ.ಸಿ. ಕಂಪ್ರೆಸರ್, ಸ್ಟೀರಿಂಗ್ ಕಾಲಂ (ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಮೋಟರ್ ಸಮೇತ), ಇಂಜಿನ್ ಇ.ಸಿ.ಯು. (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಟರ್ಬೊ ಇದ್ದರೆ ಟರ್ಬೊ, ಆಟೋಮ್ಯಾಟಿಕ್ ಆದರೆ ಗೇರ್‌ಬಾಕ್ಸಿನ ಆಕ್ಚುಯೇಟರ್ (ಕ್ಲಚ್, ಗೇರನ್ನು ತಾನಾಗಿ ಚಲಿಸುವ ಭಾಗ) ಅಥವಾ ಕಂಟ್ರೋಲ್ ಯೂನಿಟ್. ಇವುಗಳ ಬೆಲೆಯನ್ನು ಜಿ.ಎಸ್.ಟಿ. ಸೇರಿಸಿ ಕೇಳಿ ಬರೆದುಕೊಳ್ಳಿ, ಲೇಬರ್ ಚಾರ್ಜ್ ಬೇರೆ ಕೇಳಿ. ಚಾಸಿ ನಂಬರ್ ಕೊಟ್ಟರೆ ಕಂಪ್ಯೂಟರ್‌ನಲ್ಲಿ ನೋಡಿ ಹೇಳುತ್ತಾರೆ.

ಆಮೇಲೆ ಪ್ಯಾಕೇಜಿನ ಬೆಲೆಯನ್ನು ರಿಪೇರಿ ಖರ್ಚಿನಿಂದ ಭಾಗಿಸಿ. 20,000ದ ಪ್ಯಾಕೇಜು, ಕೆಡಬಹುದಾದ ದೊಡ್ಡ ಭಾಗಕ್ಕೆ 60,000 ಎಂದಾದರೆ, ನಿಮ್ಮಂಥ ಮೂರು ಕಾರುಗಳಲ್ಲಿ ಒಂದಕ್ಕಾದರೂ ಆ ಅವಧಿಯಲ್ಲಿ ಆ ಮಟ್ಟದ ರಿಪೇರಿ ಬಂದರೆ ಮಾತ್ರ ಹಾಕಿದ ದುಡ್ಡು ಸರಿಹೋಗುತ್ತದೆ. ಟರ್ಬೊ ಇಲ್ಲದ, ಮ್ಯಾನ್ಯುಯಲ್ ಗೇರಿನ ಸಾದಾ ಪೆಟ್ರೋಲ್ ಕಾರಿಗೆ ನಾಲ್ಕೈದನೇ ವರ್ಷದಲ್ಲಿ ಅಷ್ಟು ಕೆಡುಕು ಬರುವುದು ಅಪರೂಪ. ಅಂಥವರು ಆ 20,000ವನ್ನು ಎಫ್.ಡಿ. ಇಡುವುದು ಒಳ್ಳೆಯದು. ರಿಪೇರಿ ಒಂದೂವರೆ ಲಕ್ಷದ್ದಾದರೆ ನೂರಕ್ಕೆ 13 ಕಾರು ಕೆಟ್ಟರೂ ಸಾಕು, ಲೆಕ್ಕ ಸಮ. ಡಿ.ಸಿ.ಟಿ. (ಎರಡು ಕ್ಲಚ್‌ನ ಆಟೋಮ್ಯಾಟಿಕ್) ಗೇರ್‌ಬಾಕ್ಸು, ಟರ್ಬೊ ಪೆಟ್ರೋಲ್, ಬಿ.ಎಸ್. 6 ಡೀಸೆಲ್, ಸನ್‌ರೂಫು ಇರುವ ಗಾಡಿಗೆ ನಾವು ‘ತಗೊಳ್ಳಿ’ ಎನ್ನುವುದು ಈ ಕಾರಣಕ್ಕೆ. ಲೆಕ್ಕದಾಚೆಗೆ ಇನ್ನೊಂದು ಮಾತು: ಏಕಾಏಕಿ 60,000 ಹೊಂದಿಸಲು ಕೈಸಾಲ ಮಾಡಬೇಕಾಗುವ ಮನೆಯಾದರೆ, ಲೆಕ್ಕದಲ್ಲಿ ಸ್ವಲ್ಪ ನಷ್ಟವಿದ್ದರೂ ಪ್ಯಾಕೇಜ್ ತಗೊಳ್ಳುವುದು ತಪ್ಪಲ್ಲ.

ಮೂರು ವರ್ಷದೊಳಗೇ ಕಾರು ಮಾರುವವರಿಗೆ ಇದ್ಯಾವುದೂ ಬೇಡ.

ಏನೇನು ಬರುವುದಿಲ್ಲ ಎಂಬುದನ್ನು ಕೈಪಿಡಿಯಲ್ಲೇ ಓದಬೇಕು. ಬಣ್ಣದ ಪಾಂಪ್ಲೆಟ್‌ನಲ್ಲಿ ಇರುವುದು ಬರುವ ಭಾಗಗಳ ಪಟ್ಟಿ ಮಾತ್ರ. ‘ಟರ್ಮ್ಸ್ ಅಂಡ್ ಕಂಡಿಷನ್ಸ್ ಪುಸ್ತಕ ಕೊಡ್ರಿ, ಇಲ್ಲ ವಾಟ್ಸ್ಯಾಪ್ ಮಾಡ್ರಿ’ ಎಂದು ಕೇಳಿ. ಸಾಮಾನ್ಯವಾಗಿ ಹೊರಗಿರುವವು ಇವು: ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ವೈಪರ್ ಬ್ಲೇಡ್, ಬಲ್ಬು, ಫಿಲ್ಟರುಗಳು, ಬೆಲ್ಟು, ರಬ್ಬರ್ ಬುಷ್‌ಗಳು. ಟಯರಿಗೂ ಬ್ಯಾಟರಿಗೂ ಅದನ್ನು ತಯಾರಿಸಿದ ಕಂಪನಿಯದೇ ಬೇರೆ ವಾರಂಟಿ. ಜಗಳ ಹುಟ್ಟುವುದು ಗಡಿಯಲ್ಲಿರುವ ಭಾಗಗಳಲ್ಲಿ. ಆಟೋಮ್ಯಾಟಿಕ್ ಕಾರು ಮೊದಲ ಗೇರಿನಲ್ಲಿ ಅದುರುತ್ತದೆ ಎಂದುಕೊಳ್ಳಿ. ಆಕ್ಚುಯೇಟರ್ ಕೆಟ್ಟಿದ್ದರೆ ವಾರಂಟಿಗೆ ಬರುತ್ತದೆ, ಕ್ಲಚ್ ಪ್ಲೇಟ್ ಸವೆದಿದ್ದರೆ ನಿಮ್ಮ ಜೇಬಿಗೆ. ಸರ್ವಿಸ್ ಸೆಂಟರ್‌ನ ಅಡ್ವೈಸರ್ ಗಾಡಿ ಬಿಚ್ಚುವ ಮುಂಚೆಯೇ ‘ಇದು ವೇರ್ ಅಂಡ್ ಟೇರ್ ಸರ್, ವಾರಂಟಿ ಬರಂಗಿಲ್ಲ’ ಎಂದರೆ ಒಪ್ಪಬೇಡಿ. ಜಾಬ್ ಕಾರ್ಡಿನಲ್ಲಿ (ಗಾಡಿ ಬಿಡುವಾಗ ದೂರು ಬರೆದುಕೊಳ್ಳುವ ಹಾಳೆ) ‘ಕ್ಲಚ್ ಸಮಸ್ಯೆ’ ಎಂದು ಬರೆಸದೆ ‘ಮೊದಲ ಗೇರಿನಲ್ಲಿ ಅದುರುತ್ತದೆ, ಕಾರಣ ಪರೀಕ್ಷಿಸಿ’ ಎಂದು ಬರೆಸಿ, ಸ್ಕ್ಯಾನರ್‌ನಲ್ಲಿ ಬಂದ ಎರರ್ ಕೋಡ್‌ನ ಫೋಟೊ ತೆಗೆದುಕೊಳ್ಳಿ. ಲಕ್ಷಣ ಹೇಳುವುದು ನಿಮ್ಮ ಕೆಲಸ, ರೋಗದ ಹೆಸರು ಅವರೇ ಹೇಳಲಿ.

ಭಾಗ ವಾರಂಟಿಯಲ್ಲಿ ಬಂದರೂ ಅದರ ಜೊತೆ ಸುರಿಯುವ ಆಯಿಲ್, ಕೂಲಂಟ್, ಎ.ಸಿ. ಗ್ಯಾಸಿನ ಬಿಲ್ಲು ಬಹಳ ಪ್ಯಾಕೇಜುಗಳಲ್ಲಿ ನಮ್ಮದೇ. ‘ಪೂರ್ತಿ ಫ್ರೀ’ ಅಂತ ತಿಳಿದು ಹೋದವರಿಗೆ ಕೌಂಟರ್‌ನಲ್ಲಿ ಸಿಟ್ಟು ಬರುವುದು ಇಲ್ಲೇ.

ವಾರಂಟಿ ಬೇರೆ, ಇನ್ಶೂರೆನ್ಸ್ ಬೇರೆ. ಭಾಗ ತಾನಾಗಿ ಕೆಟ್ಟರೆ ವಾರಂಟಿ. ಹೊರಗಿನಿಂದ ಏನಾದರೂ ಆಗಿ ಕೆಟ್ಟರೆ ಇನ್ಶೂರೆನ್ಸ್. ರೈಲ್ವೆ ಅಂಡರ್‌ಪಾಸಿನ ನೀರಿಗಿಳಿದು ಇಂಜಿನ್ ನೀರು ಕುಡಿದರೆ ಯಾವ ಎಕ್ಸ್‌ಟೆಂಡೆಡ್ ವಾರಂಟಿಯೂ ಕೈಹಿಡಿಯದು. ಅದಕ್ಕೆ ಪಾಲಿಸಿಯಲ್ಲಿ ‘ಇಂಜಿನ್ ಪ್ರೊಟೆಕ್ಷನ್’ ಆಡ್‌ಆನ್ ಬೇಕು. ಭತ್ತದ ಗೋದಾಮು, ಮೆಕ್ಕೆಜೋಳದ ರಾಶಿ ಪಕ್ಕದಲ್ಲಿ ಗಾಡಿ ನಿಲ್ಲಿಸುವ ಹೊನ್ನಾಳಿ, ಹರಿಹರ ಕಡೆಯವರಿಗೆ ಇಲಿ ವೈರು ಕಡಿಯುವುದು ಹೊಸದಲ್ಲ. ಅದೂ ವಾರಂಟಿಗೆ ಬರುವುದಿಲ್ಲ, ಇನ್ಶೂರೆನ್ಸ್‌ನವರನ್ನೇ ಕೇಳಬೇಕು. ನಿಮ್ಮ ಭಯ ನೀರು, ಇಲಿ, ಗುದ್ದಾಟದ್ದಾದರೆ ಆ 20,000ದಲ್ಲಿ ಒಳ್ಳೆ ಆಡ್‌ಆನ್‌ಗಳನ್ನು ತಗೊಳ್ಳಿ.

ಕ್ಲೇಮ್ ತಿರಸ್ಕಾರವಾಗಲು ಕಾರಣಗಳನ್ನು ನೋಡಿದರೆ ಸರ್ವಿಸ್ ತಪ್ಪಿಸುವುದು ಎದ್ದು ಕಾಣುತ್ತದೆ. ‘10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ’ ಎಂದಿದ್ದರೆ ಕಮ್ಮಿ ಓಡಿಸುವವರು ಎಡವುವುದು ವರ್ಷದ ಲೆಕ್ಕದಲ್ಲಿ: ‘ಇನ್ನೂ ಐದು ಸಾವಿರ ಆಗಿಲ್ಲ, ಈಗ್ಯಾಕೆ ಸರ್ವಿಸು’ ಅಂತ ಬಿಟ್ಟರೆ ಮುಂದೆ ಇಂಜಿನ್ ಸಂಬಂಧದ ಕ್ಲೇಮ್‌ಗೆ ಅದೇ ಅಡ್ಡ ಬರುತ್ತದೆ. ವಾರಂಟಿ ಇರುವವರೆಗೆ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲೇ ಸರ್ವಿಸ್ ಮಾಡಿಸಬೇಕೆಂಬ ಷರತ್ತೂ ಇರುತ್ತದೆ. ಪರಿಚಯದ ಗ್ಯಾರೇಜಿಗಿಂತ ಅಲ್ಲಿ ಪ್ರತಿ ಸಲ ಎಷ್ಟು ಜಾಸ್ತಿಯಾಗುತ್ತದೋ ಅದನ್ನೂ ಪ್ಯಾಕೇಜಿನ ಬೆಲೆಗೆ ಕೂಡಿಸಿ. ನಾಲ್ಕು ಮತ್ತು ಐದನೇ ವರ್ಷದ ಎರಡು ಸರ್ವಿಸಿಗೆ ತಲಾ 3,000 ಹೆಚ್ಚಾದರೆ ನಿಮ್ಮ ಪ್ಯಾಕೇಜು 20,000ದ್ದಲ್ಲ, 26,000ದ್ದು. ಕೊಟೇಶನ್ ಹಾಳೆಯಲ್ಲಿ ಈ ಸಾಲು ಇರುವುದಿಲ್ಲ.

ಎರಡನೇ ಕಾರಣ ವೈರಿಂಗ್. ಹೊರಗೆ ಫಾಗ್ ಲ್ಯಾಂಪ್, ಜೋರು ಹಾರ್ನ್, ಆಂಪ್ಲಿಫೈಯರ್ ಹಾಕಿಸುವಾಗ ಮೂಲ ವೈರು ಕತ್ತರಿಸಿ ಟೇಪು ಸುತ್ತಿದ್ದರೆ ಎಲೆಕ್ಟ್ರಿಕಲ್ ಕ್ಲೇಮ್ ಅಲ್ಲಿಗೆ ಮುಗಿಯಿತು. ಹೊರಗಿನ ಸಿ.ಎನ್.ಜಿ. ಕಿಟ್ ಕೂಡ ಹಾಗೇ. ಮೂರನೆಯದು, ಟೆಂಪರೇಚರ್ ಅಥವಾ ಆಯಿಲ್ ಲೈಟ್ ಹತ್ತಿದ ಮೇಲೂ ‘ಊರು ಸೇರಿಬಿಡೋಣ’ ಎಂದು ಓಡಿಸುವುದು. ಹತ್ತಿದ ಹೊತ್ತು, ಓಡಿದ ದೂರ ಎರಡೂ ಇ.ಸಿ.ಯು.ನಲ್ಲಿ ದಾಖಲಾಗಿರಬಹುದು. ಹಿರಿಯೂರಿನ ಹತ್ತಿರ ಲೈಟ್ ಹತ್ತಿದರೆ ಅಲ್ಲೇ ಪಕ್ಕಕ್ಕೆ ಹಾಕಿ ಟೋಯಿಂಗ್ ಕರೆಸಿ. ಹೊಳಲ್ಕೆರೆ, ಹೊಸದುರ್ಗದ ಅದಿರು ಲಾರಿಗಳ ಹಿಂದೆ ಓಡಾಡುವವರು ಏರ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮುಂಚೆಯೇ ತೆಗೆದು ನೋಡಿಸಬೇಕು. ಧೂಳು ಇಂಜಿನ್ನಿಗೆ ಹೋಗಿ ಕೆಟ್ಟರೆ ಅದನ್ನು ನಿರ್ವಹಣೆಯ ಲೋಪವೆಂದೇ ಬರೆಯುತ್ತಾರೆ. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಬಿಡುವವರು ಪ್ಯಾಕೇಜಿನ ದುಡ್ಡು ಉಳಿಸಿಕೊಳ್ಳಿ, ಗೊತ್ತಾದರೆ ಕ್ಲೇಮ್ ಕೊಡುವುದಿಲ್ಲ.

ತಗೊಳ್ಳುವುದೆಂದಾದರೆ ಯಾವಾಗ? ಕಾರಿನ ಜೊತೆಗೇ ತಗೊಂಡರೆ ಬೆಲೆ ಕಮ್ಮಿ, ಗಾಡಿ ಹಳೆಯದಾದಂತೆ ಏರುತ್ತದೆ. ಮಾಮೂಲಿ ವಾರಂಟಿ ಮುಗಿಯುವುದರೊಳಗೆ ತಗೊಂಡರಾಯಿತು. ಈ ಎರಡು ಬೆಲೆಗಳ ಅಂತರವನ್ನು ಮೊದಲೇ ಕೇಳಿ ಬರೆದಿಡಿ. ಅಂತರ ಸಣ್ಣದಿದ್ದರೆ ಕಾಯುವುದೇ ಮೇಲು, ಎರಡೂವರೆ ವರ್ಷ ಓಡಿಸಿದ ಮೇಲೆ ಗಾಡಿಯ ಗುಣ ಗೊತ್ತಿರುತ್ತದೆ. ಆದರೆ ತಿಂಗಳಿಗೆ 3,000 ಓಡಿಸುವವರು ಕ್ಯಾಲೆಂಡರ್ ನೋಡಿ ಕೂರಬಾರದು, ಅವರ ಗಡುವು ಓಡೊಮೀಟರ್‌ನಲ್ಲಿದೆ. 90,000 ದಾಟುತ್ತಿದ್ದಂತೆ ಹೋಗಿ ಕೇಳಬೇಕು.

ಸಾಲದ ಮೊತ್ತಕ್ಕೆ ಸೇರಿಸಬೇಡಿ. 20,000ವನ್ನು ಶೇ. 9.5ರ ಬಡ್ಡಿಯಲ್ಲಿ 5 ವರ್ಷಕ್ಕೆ ಹಾಕಿದರೆ ತಿಂಗಳಿಗೆ 420, ಒಟ್ಟು 25,200 ಆಗುತ್ತದೆ. ರಕ್ಷಣೆ ಶುರುವಾಗುವುದು ನಾಲ್ಕನೇ ವರ್ಷಕ್ಕೆ, ಬಡ್ಡಿ ಮೊದಲ ತಿಂಗಳಿಂದ. ಚೌಕಾಸಿಗೂ ಜಾಗ ಇದೆ: ಸೀಟ್ ಕವರ್, ಮ್ಯಾಟ್, ಪರ್ಫ್ಯೂಮ್ ಕೊಡುತ್ತೇವೆ ಎಂದಾಗ ‘ಅದು ಬೇಡ, ವಾರಂಟಿಯಲ್ಲಿ ಕಡಿಮೆ ಮಾಡ್ರಿ’ ಎನ್ನಿ.

ಸರ್ಟಿಫಿಕೇಟ್ ಯಾರ ಹೆಸರಲ್ಲಿದೆ ನೋಡಿ. ಕಾರು ತಯಾರಿಸಿದ ಕಂಪನಿಯದಾದರೆ ದೇಶದ ಯಾವ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲೂ ನಡೆಯುತ್ತದೆ. ಡೀಲರ್ ತನ್ನದೇ ಆಗಿ ಅಥವಾ ಬೇರೊಂದು ಸಂಸ್ಥೆಯ ಮೂಲಕ ಮಾರುವ ಪ್ಲಾನ್ ಆದರೆ ಆ ಡೀಲರ್ ಹತ್ತಿರವೇ ಬರಬೇಕು ಎಂದಿರಬಹುದು. ಬೆಂಗಳೂರಿನಲ್ಲಿ ಕಾರು ತಗೊಂಡು ಮೊಳಕಾಲ್ಮೂರಿನಲ್ಲಿ ಇರುವವರಿಗೆ ಅಂಥದ್ದು ಪ್ರಯೋಜನವಿಲ್ಲ. ಚಿತ್ರದುರ್ಗದಲ್ಲಿ ನಿಮ್ಮ ಕಂಪನಿಯ ವರ್ಕ್‌ಶಾಪ್ ಇಲ್ಲದಿದ್ದರೆ ಗಾಡಿ ದಾವಣಗೆರೆಗೋ ಹುಬ್ಬಳ್ಳಿಗೋ ಎಳೆಸಬೇಕು. ರೋಡ್‌ಸೈಡ್ ಅಸಿಸ್ಟೆನ್ಸ್‌ನಲ್ಲಿ ಎಷ್ಟು ಕಿ.ಮೀ.ವರೆಗೆ ಟೋಯಿಂಗ್ ಉಚಿತ ಎಂದು ಕೇಳಿ. ದುಡ್ಡು ಕಟ್ಟಿದ ಮೇಲೆ ಟ್ಯಾಕ್ಸ್ ಇನ್‌ವಾಯ್ಸ್‌ನಲ್ಲಿ ವಾರಂಟಿಗೆ ಬೇರೆ ಸಾಲು ಇರಬೇಕು. ವಾರದೊಳಗೆ ಕಂಪನಿಯ ಆ್ಯಪ್‌ನಲ್ಲಿ, ಇಲ್ಲವೇ ಟೋಲ್‌ಫ್ರೀ ನಂಬರಿಗೆ ಚಾಸಿ ನಂಬರ್ ಹೇಳಿ ನೋಂದಣಿ ಆಗಿದೆಯೇ ಪರೀಕ್ಷಿಸಿ. ದುಡ್ಡು ಡೀಲರ್‌ ಹತ್ತಿರ ನಿಂತು, ಕಂಪನಿಯ ಕಂಪ್ಯೂಟರ್‌ಗೆ ಏರದಿದ್ದರೆ ಅದು ಗೊತ್ತಾಗುವುದು ನಾಲ್ಕನೇ ವರ್ಷ ಗಾಡಿ ಕೆಟ್ಟಾಗ.

ಎಲೆಕ್ಟ್ರಿಕ್ ಕಾರಿನಲ್ಲಿ ದೊಡ್ಡ ಭಾಗವಾದ ಬ್ಯಾಟರಿಗೆ ಹಲವು ಕಂಪನಿಗಳು 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಕೊಡುತ್ತವೆ. ಹಾಗಾಗಿ ಅಲ್ಲಿ ಕೇಳಬೇಕಾದ್ದು ಮೋಟರ್, ಆನ್‌ಬೋರ್ಡ್ ಚಾರ್ಜರ್‌ಗೆ (ಕಾರಿನೊಳಗೇ ಇರುವ ಚಾರ್ಜರ್) ಎಷ್ಟು ವರ್ಷ ಎಂಬುದು, ಮತ್ತು ಬ್ಯಾಟರಿ ಸಾಮರ್ಥ್ಯ ಶೇಕಡಾ ಎಷ್ಟಕ್ಕೆ ಇಳಿದರೆ ಬದಲಿಸುತ್ತಾರೆ ಎಂಬುದು.

ಹಳೇ ಕಾರು ಕೊಳ್ಳುವವರು, ವಾರಂಟಿ ಬಾಕಿ ಇದೆ ಎಂದು ಮಾರುವವರು ಹೇಳಿದರೆ, ಆರ್.ಸಿ. ಹೆಸರು ಬದಲಾದ ಮೇಲೆ ಸರ್ವಿಸ್ ಸೆಂಟರ್‌ನಲ್ಲೂ ಹೆಸರು ಬದಲಿಸಿಕೊಳ್ಳಬೇಕು. ಶುಲ್ಕ ಇರಬಹುದು, ದಿನಗಳ ಗಡುವೂ ಇರಬಹುದು. ಹಿಂದಿನ ಎಲ್ಲ ಸರ್ವಿಸ್ ದಾಖಲೆ ಪ್ರಿಂಟ್ ತೆಗೆಸಿ ನೋಡದೆ ಆ ವಾರಂಟಿಗೆ ಐದು ಸಾವಿರವನ್ನೂ ಹೆಚ್ಚಿಗೆ ಕೊಡಬೇಡಿ.

ಕ್ಲೇಮ್ ತಿರಸ್ಕರಿಸಿದರೆ ಬಾಯಿಮಾತಿಗೆ ಬಿಡಬೇಡಿ. ಯಾವ ಷರತ್ತಿನ ಪ್ರಕಾರ ಎಂದು ಇ-ಮೇಲ್‌ನಲ್ಲಿ ಬರೆಸಿಕೊಳ್ಳಿ, ಬದಲಿಸಿದ ಹಳೇ ಭಾಗ ಕೇಳಿ ಪಡೆಯಿರಿ, ಜಾಬ್ ಕಾರ್ಡ್ ಪ್ರತಿ ಇಟ್ಟುಕೊಳ್ಳಿ. ಕಂಪನಿಯ ಕಸ್ಟಮರ್ ಕೇರ್‌ಗೆ ಬರೆದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕಾರು ಎಲ್ಲೇ ತಗೊಂಡಿದ್ದರೂ ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಡೀಲರ್ ಬೆಂಗಳೂರಿನವರಾದರೂ ನೀವು ದಾವಣಗೆರೆ ಬಿಟ್ಟು ಹೋಗಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವೂ ಅಲ್ಲ. ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ಹಾಕಬೇಕು, ಆ ದಿನ ಸಾಬೀತಾಗುವುದು ತಿರಸ್ಕಾರದ ಇ-ಮೇಲ್‌ನಿಂದಲೇ.