ಕೋಳಿ ಗೂಡಿಗೆ ಮೇಲೆ ಕಾಗದ, ಕೆಳಗೆ ರಟ್ಟು

ನಮ್ಮ ಮನೆ ಬೆಂಗಳೂರಿನ ಕೆಂಗೇರಿ ಉಪನಗರದ ಹತ್ತಿರ. ಹಿತ್ತಲಲ್ಲಿ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಗೂಡಿದೆ. ಅದರಲ್ಲಿ ಏಳು ಗಿರಿರಾಜ ಹೇಂಟೆಗಳು. ಗಿರಿರಾಜ ನಮ್ಮ ಹೆಬ್ಬಾಳದಲ್ಲೇ ಬೆಳೆಸಿದ ತಳಿ. ಮಳೆ, ಚಳಿ ಎರಡನ್ನೂ ತಡೆದುಕೊಳ್ಳುತ್ತದೆ, ಆದರೆ ಒದ್ದೆ ನೆಲ ಮಾತ್ರ ಅದಕ್ಕೂ ಆಗುವುದಿಲ್ಲ.

ಮೊದಲ ವರ್ಷ ಭತ್ತದ ಹೊಟ್ಟು ಹಾಸುತ್ತಿದ್ದೆ. ಅತ್ತೆಯ ಊರು ಮದ್ದೂರು. ಅಲ್ಲಿಂದ ಯಾರಾದರೂ ಬರುವಾಗ ಮಿಲ್ಲಿನಿಂದ ಒಂದು ಮೂಟೆ ತರುತ್ತಿದ್ದರು. ಆಮೇಲೆ ಅದು ನಿಂತಿತು. ಸಿಟಿಯೊಳಗೆ ಒಂದೆರಡು ಮೂಟೆ ಹೊಟ್ಟಿಗೆ ಗಾಡಿ ಯಾರು ಕಳಿಸ್ತಾರೆ? ಅದೇ ಹೊತ್ತಿಗೆ ಮಹಡಿ ಮೆಟ್ಟಿಲ ಕೆಳಗೆ ಪಾರ್ಸೆಲ್ ಡಬ್ಬಗಳು ಗುಡ್ಡೆ ಬಿದ್ದಿದ್ದವು. ನನ್ನ ತಮ್ಮ ಆಡಿಟರ್ ಆಫೀಸಿನಲ್ಲಿದ್ದಾನೆ. ಅಲ್ಲಿ ಕಾಗದ ಸೀಳುವ ಶ್ರೆಡರ್ ಯಂತ್ರಕ್ಕೆ ಹಾಕಿದ ಹಳೇ ಕಾಗದ ಚೀಲಗಟ್ಟಲೆ ಇರುತ್ತದೆ. ‘ಅಕ್ಕಾ, ಬೇಕಾದರೆ ವಾರಕ್ಕೊಂದು ಚೀಲ ತರ್ತೀನಿ’ ಅಂದ.

ಬರೀ ಕಾಗದವನ್ನೇ ನಾಲ್ಕು ಇಂಚು ದಪ್ಪ ಹಾಸಿದೆ. ನೋಡೋಕೆ ಹತ್ತಿಯ ಹಾಸಿಗೆ ಥರ ಇತ್ತು. ಮೂರನೇ ದಿನ ಒಂದು ಕೋಳಿ ಕುಂಟತೊಡಗಿತು. ಹಿಡಿದು ನೋಡಿದರೆ ಉದ್ದನೆಯ ಕಾಗದದ ಎಳೆಗಳು ಹಿಕ್ಕೆಯಲ್ಲಿ ನೆನೆದು, ಹೊಸೆದು, ನಡುಬೆರಳಿಗೆ ದಾರದ ಹಾಗೆ ಸುತ್ತಿಕೊಂಡು ಒಣಗಿದ್ದವು. ಬೆರಳು ಊದಿ ಕೆಂಪಾಗಿತ್ತು. ‘ಎಳೀಬೇಡ, ಗಟ್ಟಿಯಾಗಿ ಹಿಡ್ಕೊ’ ಅಂತ ಅತ್ತೆ ಬೆಚ್ಚನೆ ನೀರಿನಲ್ಲಿ ಕಾಲು ನೆನೆಸಿ, ಹೊಲಿಗೆ ಕತ್ತರಿಯ ತುದಿಯಿಂದ ಒಂದೊಂದೇ ಎಳೆ ಬಿಡಿಸಿದರು. ಹತ್ತು ನಿಮಿಷ ಹಿಡಿಯಿತು. ಬೆರಳು ಉಳಿಯಿತು. ಅವತ್ತಿನಿಂದ ಉದ್ದ ಎಳೆಯ ಕಾಗದ ನಾನು ಹಾಸಿಲ್ಲ. ಚಿಕ್ಕ ಚೂರಾಗಿ ಕತ್ತರಿಸುವ ಶ್ರೆಡರ್‌ನದ್ದಾದರೆ ಹಾಗೇ ಹಾಕುತ್ತೇನೆ. ಎಳೆ ಬಂದರೆ ಕಟ್ಟು ಮಾಡಿ, ಕತ್ತರಿಯಲ್ಲಿ ಎರಡು ಮೂರು ಇಂಚಿಗೆ ತುಂಡರಿಸುತ್ತೇನೆ.

ಸೆಪ್ಟೆಂಬರ್ ಮಳೆಯಲ್ಲಿ ಎರಡನೇ ಪಾಠವಾಯಿತು. ಎರಚಲು ಒಳಗೆ ಹೊಡೆದು ಕಾಗದವೆಲ್ಲ ಒತ್ತಿಕೊಂಡು ರೊಟ್ಟಿಯಾಯಿತು. ಮೇಲೆ ಒಣಗಿದಂತೆ ಕಂಡರೂ ಎತ್ತಿದರೆ ಕೆಳಗೆ ಹಬೆ. ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಯುವ ಘಾಟು. ಅದು ಹಿಕ್ಕೆಯಿಂದ ಏಳುವ ಅಮೋನಿಯಾ ಅನಿಲ. ನಮಗೇ ಕಣ್ಣು ಉರಿಯುವಾಗ ನೆಲದ ಹತ್ತಿರವೇ ಮೂಗಿಟ್ಟು ಕೆದಕುವ ಕೋಳಿಗೆ ಹೇಗಾಗಬೇಡ! ರಕ್ತಭೇದಿ ಬರುವುದೂ ಇಂಥ ಒದ್ದೆ ಹಾಸಿನಿಂದಲೇ. ಆ ರೋಗಾಣು ಬಲಿಯಲು ತೇವ, ಬೆಚ್ಚಗೆ ಎರಡೂ ಬೇಕು. ವಾಸನೆಗೆ ಅಂತ ಸುಣ್ಣದ ಪುಡಿ ಎರಚಿದೆ. ಘಾಟು ಇನ್ನೂ ಜಾಸ್ತಿಯಾಯಿತು. ಒದ್ದೆ ಹಿಕ್ಕೆಗೆ ಸುಣ್ಣ ಬಿದ್ದರೆ ಅಮೋನಿಯಾ ಬೇಗ ಹೊರಗೆ ಬರುತ್ತದೆ. ಈಗ ಗೂಡು ಪೂರ್ತಿ ಖಾಲಿ ಮಾಡಿದಾಗ ಬರಿ ನೆಲಕ್ಕೆ ಮಾತ್ರ ಸುಣ್ಣ ಬಳಿದು, ಚೆನ್ನಾಗಿ ಒಣಗಿದ ಮೇಲೆ ಹಾಸು ಹಾಕುತ್ತೇನೆ.

ನನಗೆ ದಾರಿ ತೋರಿಸಿದ್ದು ರಟ್ಟು. ಪಾರ್ಸೆಲ್ ಡಬ್ಬದ ರಟ್ಟನ್ನು ಸೀಳಿದರೆ ಎರಡು ಹಾಳೆಗಳ ನಡುವೆ ಅಲೆ ಅಲೆಯಾದ ಒಂದು ಪದರ ಕಾಣುತ್ತದಲ್ವಾ, ಅದರ ಸಂದಿನಲ್ಲಿ ಗಾಳಿ ನಿಲ್ಲುತ್ತದೆ. ನೀರನ್ನೂ ಹೀರುತ್ತದೆ, ಕಾಗದದಷ್ಟು ಬೇಗ ಚಪ್ಪಟೆಯೂ ಆಗುವುದಿಲ್ಲ. ಅಂಗೈಯಗಲದ ಚೂರುಗಳನ್ನು ಮೂರು ಇಂಚು ಕೆಳಗೆ, ಅದರ ಮೇಲೆ ಎರಡು ಇಂಚು ಕಾಗದದ ಚೂರು. ಮರದಂಗಡಿಯಿಂದ ಕೀಸುಳಿಯ ಹೊಟ್ಟು ಸಿಕ್ಕಿದರೆ ಒಂದೆರಡು ಬೊಗಸೆ ಮೇಲೆ ಉದುರಿಸುತ್ತೇನೆ, ಇಲ್ಲದಿದ್ದರೂ ನಡೆಯುತ್ತದೆ. ಕೋಳಿಗಳು ಕೆದಕಿ ಕೆದಕಿ ಎಲ್ಲವನ್ನೂ ತಾವೇ ಬೆರೆಸಿಕೊಳ್ಳುತ್ತವೆ. ನಿಜ ಹೇಳಬೇಕೆಂದರೆ ಅರ್ಧ ಕೆಲಸ ಅವುಗಳದ್ದೇ. ಸಂಜೆ ಒಂದು ಹಿಡಿ ರಾಗಿ ಚೆಲ್ಲಿದರೆ ಮೂಲೆಮೂಲೆಯೂ ಕೆದಕಿ ಹಾಸು ಸಡಿಲವಾಗುತ್ತದೆ.

ಡಬ್ಬ ಹರಿಯುವ ಮೊದಲು ಟೇಪು, ಅಂಟಿಸಿದ ಚೀಟಿ, ಪಿನ್ನು ಎಲ್ಲ ಕೀಳಬೇಕು. ಕೋಳಿಗೆ ಹೊಳೆಯುವುದು ಕಂಡರೆ ಕುಕ್ಕುವುದೇ ಗುಣ. ನುಂಗಿದ ಪಿನ್ನು ಒಳಗೆ ಚುಚ್ಚಿದರೆ ಮುಗಿಯಿತು. ಆಫೀಸಿನ ಕಾಗದದಲ್ಲಿ ಸ್ಟೇಪ್ಲರ್ ಪಿನ್ನು ಇದ್ದೇ ಇರುತ್ತದೆ. ಅದಕ್ಕೆ ಕೆಟ್ಟುಹೋದ ಸ್ಪೀಕರ್‌ನ ಆಯಸ್ಕಾಂತವನ್ನು ಒಂದು ಕೋಲಿಗೆ ಕಟ್ಟಿ, ಕಾಗದವನ್ನು ಬಟ್ಟೆಯ ಮೇಲೆ ತೆಳ್ಳಗೆ ಹರವಿ ಎರಡು ಸಲ ಆಡಿಸುತ್ತೇನೆ. ಮೊದಲ ಚೀಲದಲ್ಲೇ ಹದಿನಾಲ್ಕು ಪಿನ್ನು ಸಿಕ್ಕವು. ಅಂಗಡಿಯ ಬಿಲ್ಲಿನ ನುಣುಪು ಕಾಗದ, ಹೊಳಪಿನ ಜಾಹೀರಾತು ಹಾಳೆ, ಮೇಣ ಹಚ್ಚಿದ ರಟ್ಟು ಬೇಡವೇ ಬೇಡ. ಬಿಲ್ಲಿನ ಕಾಗದಕ್ಕೆ ರಾಸಾಯನಿಕದ ಲೇಪ ಇರುತ್ತದೆ, ಉಳಿದೆರಡು ನೀರು ಹೀರುವುದೇ ಇಲ್ಲ. ಕಿರಾಣಿ ಅಂಗಡಿಯ ಡಬ್ಬವಾದರೆ ಒಂದು ದಿನ ಬಿಸಿಲಿಗೆ ಬಿಚ್ಚಿಡಿ, ಮಡಿಕೆಯೊಳಗೆ ಜಿರಳೆ ಮೊಟ್ಟೆ ಇರುತ್ತವೆ. ಇನ್ನು ಎಳೇ ಮರಿಗಳಿಗೆ ಪೇಪರನ್ನು ಹಾಳೆಯಾಗಿಯೇ ಹಾಸಬೇಡಿ. ಜಾರಿ ಜಾರಿ ಕಾಲು ಅಗಲವಾಗಿ ಸೀಳಿಕೊಂಡು ನಿಲ್ಲಲಾಗದಂತೆ ಆಗುತ್ತವೆ.

ಹಾಸು ಯಾವಾಗ ಬದಲಿಸಬೇಕು ಅಂತ ತುಂಬ ಜನ ಕೇಳುತ್ತಾರೆ. ನಾನು ದಿನ ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ. ಒಂದು ಹಿಡಿ ಹಾಸು ತೆಗೆದು ಮುಷ್ಟಿಯಲ್ಲಿ ಹಿಂಡಿ, ಕೈ ಬಿಡಿಸಿ. ಉಂಡೆಯಾಗಿ ನಿಂತರೆ ತೇವ ಜಾಸ್ತಿ. ನಿಧಾನಕ್ಕೆ ಬಿರಿದು ಉದುರಿದರೆ ಸರಿಯಾಗಿದೆ. ಮಾರ್ಚ್, ಏಪ್ರಿಲ್‌ನಲ್ಲಿ ಐದಾರು ವಾರ ಬರುತ್ತದೆ. ಮಳೆಗಾಲದಲ್ಲಿ, ಕೋಳಿಗಳು ರಾತ್ರಿ ಕೂರುವ ಅಡ್ಡ ಕೋಲಿನ ಕೆಳಗಿನದ್ದನ್ನು ಎರಡು ದಿನಕ್ಕೊಮ್ಮೆ ತೆಗೆದು ಹೊಸದು ಹಾಕುತ್ತೇನೆ, ಏಕೆಂದರೆ ರಾತ್ರಿಯ ಹಿಕ್ಕೆಯೆಲ್ಲ ಬೀಳುವುದು ಅಲ್ಲೇ. ನೀರಿನ ಡಬ್ಬವನ್ನು ಎರಡು ಇಟ್ಟಿಗೆ ಮೇಲೆ ಎತ್ತಿಟ್ಟ ಮೇಲೆ ಅರ್ಧ ಒದ್ದೆ ತಾನಾಗೇ ಕಡಿಮೆಯಾಯಿತು.

ತೆಗೆದದ್ದನ್ನು ತೂತು ಕೊರೆದ ಡ್ರಮ್ಮಿಗೆ ಹಾಕುತ್ತೇನೆ. ಹಿಕ್ಕೆಯಲ್ಲಿ ಸಾರಜನಕ ಜಾಸ್ತಿ, ಕಾಗದ, ರಟ್ಟಿನಲ್ಲಿ ಇಂಗಾಲ ಜಾಸ್ತಿ. ಎರಡೂ ಸೇರಿದರೆ ಗೊಬ್ಬರ ಚೆನ್ನಾಗಿ ಕಳಿಯುತ್ತದೆ. ಹಸಿಯಾಗಿ ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ. ವಾರಕ್ಕೊಮ್ಮೆ ತಿರುವಿ, ಒಣಗಿದ್ದರೆ ನೀರು ಚಿಮುಕಿಸಿ, ನಾಲ್ಕು ತಿಂಗಳು ಬಿಟ್ಟು ಕರಿಬೇವಿಗೆ, ಬದನೆಗೆ ಹಾಕುತ್ತೇನೆ. ಆ ಹೊತ್ತಿಗೆ ರಟ್ಟು ಯಾವುದು, ಹಿಕ್ಕೆ ಯಾವುದು ಗೊತ್ತಾಗುವುದಿಲ್ಲ, ಕಪ್ಪು ಮಣ್ಣಿನ ಥರ ಉದುರುತ್ತದೆ. ಜರಡಿ ಹಿಡಿದಾಗ ಮೇಲೆ ಉಳಿಯುವುದು ನಾನು ಕೀಳಲು ಮರೆತ ಟೇಪಿನ ತುಂಡುಗಳು ಮಾತ್ರ. ಹೋದ ಸಲ ಮೂರು ಸಿಕ್ಕವು.